ನಡುಬಾಗಿಲಿನ ಈ ಕಡೆ

“ಒಳಗಡೆ ಅಂದ್ರೆ ಯಾವ ಕಡೆ ಅಮ್ಮಾ?” ಎಂದು ಅಂಗಡಿಯವನು ಎರಡನೇ ಸಲ ಕೇಳಿದಾಗ, ದಿನಕ್ಕೆ ಇಪ್ಪತ್ತು ಸಲ ಕಣ್ಣಿಗೆ ಬೀಳುವ ಆ ಬಾಗಿಲಿನ ಬಗ್ಗೆ ತನಗೆ ಏನೂ ಗೊತ್ತಿಲ್ಲ ಎಂದು ಉಮಾಮಹೇಶ್ವರಿಗೆ ಅನ್ನಿಸಿತು. ಪ್ರಶ್ನೆ ಸುಲಭದ್ದೇ. ಬೀದಿ ಬಾಗಿಲಾದರೆ ಮನೆ ಒಳಗೆ, ಬೀದಿ ಹೊರಗೆ. ಬಚ್ಚಲಾದರೆ ಬಚ್ಚಲು ಒಳಗೆ. ಆದರೆ ನಡುಬಾಗಿಲಿನ ಎರಡು ಕಡೆಯೂ ಮನೆಯೇ ಇತ್ತು. ಈ ಕಡೆ ಮಗಳು ದೀಪಿಕಾ ಓದಿ ಮಲಗುವ ಕೋಣೆ, ಆ ಕಡೆ ಭಾವನ ದೇವರಮನೆ. ಯಾವುದನ್ನು ಹೊರಗೆ ಎನ್ನಬೇಕು? ದೇವರಮನೆಯನ್ನು ಹೊರಗೆ ಎಂದರೆ ಬಾಯಿಗೆ ಹುಳ ಬೀಳುತ್ತದೇನೋ. ತುಮಕೂರಿನ ಮಂಡಿಪೇಟೆಯ ಆ ಅಂಗಡಿಯಲ್ಲಿ ಮಧ್ಯಾಹ್ನದ ಸೆಕೆಗೆ ಕಬ್ಬಿಣದ ವಾಸನೆ ಬರುತ್ತಿತ್ತು. ಅವಳ ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಕಾಲೇಜಿನ ಲೈಬ್ರರಿಯಲ್ಲಿ ಅರ್ಧ ದಿನ ರಜೆ ಕೇಳಿ ಬಂದಿದ್ದಳು; ಕಾರಣ ಹಲ್ಲುನೋವು ಎಂದು ಬರೆದಿದ್ದಳು. ಈಗ ನಿಜವಾಗಿಯೂ ದವಡೆ ಬಿಗಿದುಕೊಂಡಿತ್ತು.

ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ, ಪಾಠ ಹೇಳುವವನ ಹಾಗೆ, ಒಂದೊಂದನ್ನೇ ಮೇಜಿನ ಮೇಲಿಟ್ಟ. ಹಿತ್ತಾಳೆಯ ಬೀಗ, ಗುಂಡು ಹಿಡಿಯ ಲಾಕು, ಉದ್ದನೆಯ ಚಿಲಕ, ಹೆಬ್ಬೆರಳಿನಷ್ಟು ಚಿಕ್ಕದೊಂದು. “ನೋಡಿ, ಯಾವ ಬಾಗ್ಲು ಅನ್ನೋದು ಆಮೇಲೆ. ಯಾರಿಗೆ ಅನ್ನೋದು ಮೊದ್ಲು. ಕಳ್ಳರಿಗಾದ್ರೆ ಬೀಗ. ಅವ್ರು ಬರೋದು ನೀವಿಲ್ದಾಗ. ಮನೇಲಿರೋರಿಗಾದ್ರೆ ಚಿಲ್ಕ ಸಾಕು, ಕೀ ಯಾಕೆ? ಮಕ್ಕಳಿಗಾದ್ರೆ ಅದೇ ಚಿಲ್ಕ ಎತ್ತರದಲ್ಲಿ. ಯಾರಿಗೆ ಹೇಳಿ, ಯಾವ್ದು ಅಂತ ನಾನು ಹೇಳ್ತೀನಿ.”

ಅವಳು ಮೂರನ್ನೂ ಮನಸ್ಸಿನಲ್ಲಿ ಹೇಳಿ ನೋಡಿಕೊಂಡಳು. ಯಾವುದಕ್ಕೂ ಭಾವ ಸೇರಲಿಲ್ಲ. ಕಳ್ಳನಲ್ಲ, ಮಗುವಲ್ಲ. ಮನೆಯಲ್ಲಿರುವವನೂ ಅಲ್ಲ, ಮನೆ ಎರಡಾಗಿ ಹದಿನಾಲ್ಕು ವರ್ಷವಾಯಿತು. “ಬೀಗವೇ ಕೊಡಿ” ಎಂದಳು, ಮಾತು ಮುಗಿದರೆ ಸಾಕು ಎಂದು. ಹಿಂದಿದ್ದ ಪಂಚೆಯ ಮನುಷ್ಯ, “ಬೀಗ ಬೇಕು ಅಂದ್ರೆ ಮಗಳ ಮದ್ವೆ ಮಾಡ್ಬೇಕಮ್ಮ, ಅಂಗಡೀಲಿ ಸಿಗಲ್ಲ” ಎಂದ. ಎಲ್ಲರೂ ನಕ್ಕರು. ಅಂಗಡಿಯವನು, “ಸುಮ್ನಿರಪ್ಪ, ನಿನ್ನ ಬೀಗ ಹಬ್ಬಕ್ಕೆ ಬಂದು ತಿಂಗಳಾದ್ರೂ ಹೋಗಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀಯ” ಎಂದ. ಅವಳೂ ನಕ್ಕಳು. ನಗುವಾಗ ಮಗಳು ಎಂಬ ಮಾತು ಕಿವಿಯಲ್ಲಿ ಉಳಿಯಿತು. ಇವರಿಗೆಲ್ಲ ಗೊತ್ತಾಗಿದೆಯೇ? ಗೊತ್ತಾಗಲು ಏನಿದೆ? “ಬಾಗ್ಲಿಗಲ್ಲ, ಕಬೋರ್ಡಿಗೆ” ಎಂದು ಬಾಯಿಂದ ಬಂದುಬಿಟ್ಟಿತು.

“ಅಯ್ಯೋ, ಆಗ್ಲಿಂದ ಬಾಗ್ಲು ಬಾಗ್ಲು ಅಂತೀರಲ್ಲ! ಒಂಟಿ ಡೋರಾ, ಜೋಡಿನಾ? ಮರದ್ದಾ, ಪ್ಲೈವುಡ್ಡಾ?” ಅವನು ಕೇಳಿದ್ದಕ್ಕೆಲ್ಲ ಹೂಂ ಎಂದಳು. ಹೆಬ್ಬೆರಳಿನಷ್ಟರದ್ದು ಕಾಗದದ ಪೊಟ್ಟಣದಲ್ಲಿ ಅವಳ ವ್ಯಾನಿಟಿ ಬ್ಯಾಗು ಸೇರಿತು. ಎರಡು ಕೀ ಇದೆ, ಒಂದು ಬೇರೆ ಕಡೆ ಇಡಿ ಎಂದು ಅವನು ಹಿಂದಿನಿಂದ ಕೂಗಿ ಹೇಳಿದ.

ಗುಬ್ಬಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬ್ಯಾಗನ್ನು ತೊಡೆಯ ಮೇಲೆ ಎರಡು ಕೈಯಲ್ಲೂ ಹಿಡಿದುಕೊಂಡಳು. ಪಾಲು ಆದ ದಿನ ಅವಳೇ ಎಲ್ಲರಿಗೂ ಟೀ ಕೊಟ್ಟಿದ್ದಳು. ತೋಟ ಎರಡಾಯಿತು, ಹೊಲ ಎರಡಾಯಿತು, ಹಂಡೆ ಅವರಿಗೆ, ಕೊಳಗ ಇವರಿಗೆ, ನಡುಮನೆಗೆ ಅಡ್ಡಗೋಡೆ ಎದ್ದಿತು. ದೇವರು ಮಾತ್ರ ಪಾಲಾಗಲಿಲ್ಲ. ದೇವರು ಹಿರಿಯವನ ಕಡೆ ಇರಲಿ, ಕಿರಿಯವನ ಹೆಂಡತಿ ಸೋಮವಾರ ಸೋಮವಾರ ಬಂದು ದೀಪ ಹಚ್ಚಲಿ ಎಂದು ಹಿರಿಯರು ಹೇಳಿದ್ದರು. ಅದಕ್ಕಾಗಿ ಗೋಡೆಯಲ್ಲಿ ಒಂದು ಬಾಗಿಲು. ಚಿಲಕ ದೇವರ ಕಡೆ ಇರಲಿ ಎಂದವರು ಯಾರೆಂದು ಅವಳಿಗೆ ನೆನಪಿಲ್ಲ. ಗುಂಡಯ್ಯ ಆಚಾರಿ ಆ ಕಡೆಯಿಂದ ಸುತ್ತಿಗೆ ಬಡಿಯುತ್ತಿದ್ದ, ಈ ಕಡೆಯ ಗೋಡೆಯಿಂದ ಹಸಿ ಗಾರೆ ಉದುರುತ್ತಿತ್ತು. ಆಗ ಅವಳಿಗೆ ಕಣ್ಣು ತುಂಬಿತ್ತು. ಗೋಡೆ ಎದ್ದರೂ ಬಾಗಿಲು ಉಳಿಯಿತಲ್ಲ ಎಂದು ಗಂಡ ಕಿರಣ್‌ಕುಮಾರನಿಗೆ ಹೇಳಿದ್ದಳು. ಅಣ್ಣ ದೊಡ್ಡ ಮನುಷ್ಯ ಕಣೇ, ನನ್ನ ಬಿ.ಎಡ್. ಓದಿಸಿದ್ದೇ ಅವನು ಎಂದಿದ್ದ ಅವನು.

ಅಣ್ಣ ದೊಡ್ಡ ಮನುಷ್ಯ ಎಂಬುದರಲ್ಲಿ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೊಬ್ಬರಿ ವ್ಯಾಪಾರದ ಭಾವ ಚನ್ನವೀರಯ್ಯನವರು ಮಠದ ಕೆಲಸಕ್ಕೆಲ್ಲ ಮುಂದೆ ನಿಲ್ಲುತ್ತಿದ್ದರು, ಹಣೆಯ ತುಂಬ ವಿಭೂತಿ, ಮೆಲುಮಾತು. ಯಾರ ಮನೆಗೆ ಹೋದರೂ ಗೇಟಿನಲ್ಲೇ ನಿಂತು ಒಂದು ಸಲ ಕೆಮ್ಮಿ, “ಯಾರಮ್ಮಾ ಒಳಗೆ?” ಎಂದು ಕೂಗಿಯೇ ಕಾಲಿಡುತ್ತಿದ್ದರು. ನಡುಬಾಗಿಲಿನಲ್ಲಿ ಮಾತ್ರ ಅವರು ಕೆಮ್ಮುತ್ತಿರಲಿಲ್ಲ. ದೇವರಮನೆಯಿಂದ ಬರುವುದರಿಂದ ಕಾಲಿನಲ್ಲಿ ಚಪ್ಪಲಿಯೂ ಇರುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ, ಅವಳು ತಲೆಗೆ ಸ್ನಾನ ಮಾಡಿ ಬಂದು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ, ಹಿಂದೆ ಯಾರೋ ಉಸಿರು ಬಿಟ್ಟ ಹಾಗಾಯಿತು. ವಿಭೂತಿಯ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಕಣ್ಣು ತಟ್ಟೆಯ ಮೇಲಿರಲಿಲ್ಲ. “ತಗೋಳಮ್ಮ, ಪೂಜೆ ಆಯ್ತು” ಎಂದರು, ಬಾಗಿಲ ಬಳಿ ಹಾಲು ಹಾಕುವವರ ಹಾಗೆ, ಏನೂ ಆಗಿಲ್ಲದ ದನಿಯಲ್ಲಿ. ಅವಳು ಸೆರಗನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈ ಚಾಚಿ, ವಿಭೂತಿ ತೆಗೆದುಕೊಂಡು, ಹಣೆಗೆ ಇಟ್ಟುಕೊಂಡಳು. ಇದನ್ನು ನೆನೆದಾಗಲೆಲ್ಲ ಅವಳಿಗೆ ಅವರ ಮೇಲಲ್ಲ, ತನ್ನ ಕೈಯ ಮೇಲೆ ಅಸಹ್ಯವಾಗುತ್ತಿತ್ತು. ಯಾಕೆ ಚಾಚಿತು ಅದು? ಏನಾಯಿತು ಎಂದು ಯಾರಾದರೂ ಕೇಳಿದ್ದರೆ ಹೇಳುವುದಕ್ಕೆ ಏನಿತ್ತು? ವಿಭೂತಿ ಕೊಟ್ಟರು. ಆ ದಿನದಿಂದ ಅವಳು ಬಚ್ಚಲಿನಲ್ಲೇ ಸೀರೆ ಉಡತೊಡಗಿದಳು, ಒದ್ದೆ ನೆಲದ ಮೇಲೆ ತುದಿಗಾಲಿನಲ್ಲಿ, ನೆರಿಗೆಗಳನ್ನು ಹಲ್ಲಿನಲ್ಲಿ ಕಚ್ಚಿ. ಹನ್ನೊಂದು ವರ್ಷ ಅವಳ ಸೀರೆಗಳ ಅಂಚು ಒದ್ದೆಯಾಗೇ ಇತ್ತು. ಲೈಬ್ರರಿಯ ಹೆಂಗಸರು, ನಿಮ್ಮೂರಲ್ಲಿ ದಿನಾ ಮಳೆ ಏನ್ರೀ ಎಂದು ತಮಾಷೆ ಮಾಡುತ್ತಿದ್ದರು. ಒಂದು ಚಿಲಕ ಹಾಕಿಸುವುದಕ್ಕಿಂತ ಅದು ಅವಳಿಗೆ ಸುಲಭವಾಗಿ ಕಂಡಿತ್ತು. ಚಿಲಕ ಹಾಕಿದರೆ ಅದು ಮಾತಾಡುತ್ತದೆ. ಯಾರಿಗೆ ಹೆದರಿ ಹಾಕಿದೆ ಎಂದು ಪ್ರತಿ ಸೋಮವಾರ ಕೇಳುತ್ತದೆ.

ಬಸ್ಸು ನಿಂತು ಕಾಲೇಜು ಹುಡುಗಿಯರ ಒಂದು ಗುಂಪು ಹತ್ತಿತು. ಅವರಲ್ಲಿ ಒಬ್ಬಳ ಜಡೆ ಪಲ್ಲವಿಯ ಜಡೆಯ ಹಾಗಿತ್ತು. ಪಲ್ಲವಿ, ಭಾವನ ಹೆಂಡತಿ ಅರುಣಕ್ಕನ ಕೊನೆಯ ತಂಗಿ. ಚೇಳೂರಿನಿಂದ ಬಂದು ಅಕ್ಕನ ಮನೆಯಲ್ಲಿದ್ದುಕೊಂಡು ಗುಬ್ಬಿಯಲ್ಲಿ ಡಿಗ್ರಿ ಓದುತ್ತಿದ್ದಳು. ಒಂಬತ್ತು ವರ್ಷದ ಹಿಂದೆ, ಪರೀಕ್ಷೆಗೆ ಎರಡು ತಿಂಗಳಿರುವಾಗ, ಒಂದು ಮಧ್ಯಾಹ್ನ ಬ್ಯಾಗು ಹಿಡಿದು ಬೀದಿಯ ಕಡೆಯಿಂದ ಬಂದು ಇವರ ಗೇಟಿನಲ್ಲಿ ನಿಂತಳು. ದಿನಾ ನಡುಬಾಗಿಲಿನಲ್ಲಿ ನುಗ್ಗಿ ಬರುವವಳು. “ಉಮಕ್ಕಾ, ಬರ್ತೀನಿ” ಎಂದಳು. ಎಂದವಳು ಹೋಗಲಿಲ್ಲ, ಗೇಟಿನ ಸರಳನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಉಮಾಮಹೇಶ್ವರಿ ಅನ್ನದ ಗಂಜಿ ಬಸಿಯುತ್ತಿದ್ದಳು, ಹಬೆ ಮುಖಕ್ಕೆ ಬಡಿಯುತ್ತಿತ್ತು. “ಹಬ್ಬಕ್ಕೆ ಬಾರೇ” ಎಂದಳು. ಪಲ್ಲವಿ ಇನ್ನೂ ಒಂದು ಕ್ಷಣ ನಿಂತು ಹೋದಳು. ಹಾಸ್ಟೆಲ್‌ನಲ್ಲಿ ಓದು ಚೆನ್ನಾಗಾಗುತ್ತಂತೆ ಎಂದು ಅರುಣಕ್ಕ ಆಮೇಲೆ ಹೇಳಿದಾಗ ಇವಳು, ಹೌದು ಈಗಿನ ಹುಡುಗೀರಿಗೆ ಜೊತೆ ಬೇಕು ಎಂದಿದ್ದಳು. ಯಾವ ಹಬ್ಬಕ್ಕೂ ಪಲ್ಲವಿ ಬರಲಿಲ್ಲ.

ಮನೆಗೆ ಬಂದಾಗ ಕೆಂಪು ನೆಲದ ಮೇಲೆ ಆ ಗೀರುಗಳು ಹಾಗೇ ಇದ್ದವು. ಅವಳು ಗುಡಿಸುವಾಗ ಅವನ್ನು ಕಂಡು ನಾಲ್ಕು ದಿನವಾಗಿತ್ತು. ಗೋಡೆಯ ಮೂಲೆಯಲ್ಲಿರುವ ರಾಗಿ ಡಬ್ಬದಿಂದ ಹೊರಟು ನಡುಬಾಗಿಲಿನ ತನಕ ಎಳೆದಂತೆ, ಅರ್ಧ ಚಂದ್ರದ ಎರಡು ಬಿಳಿ ಗೀರು. ಬಾಗಿಲು ತೆರೆಯುವುದು ಈ ಕಡೆಗೆ, ಆ ಕಡೆಯಿಂದ ತಳ್ಳಿದರೆ. ದೀಪಿಕಾ ದಿನಾ ಆ ಭಾರದ ಡಬ್ಬವನ್ನು ಎಳೆದು ಬಾಗಿಲಿಗೆ ಒತ್ತಿಟ್ಟು, ಅಮ್ಮ ಬರುವ ಮೊದಲು ವಾಪಸ್ಸು ಸರಿಸುತ್ತಿದ್ದಳು. “ಗಾಳಿಗೆ ತೆರ್ಕೊಳುತ್ತಮ್ಮ” ಎಂದಿದ್ದಳು ಅವತ್ತು. ಎಲೆ ಅಲುಗದ ಸೆಕೆ. “ಹೂಂ, ಗಾಳಿ” ಎಂದಿದ್ದಳು ಇವಳು. ಹತ್ತೊಂಬತ್ತು ವರ್ಷದ ಮಗಳು ಹಲ್ಲು ಕಚ್ಚಿ ಡಬ್ಬ ಎಳೆಯುವುದನ್ನು ಕಣ್ಣಿನಲ್ಲಿ ಕಾಣುತ್ತ, ಅಷ್ಟೇ ಹೇಳಿದ್ದಳು.

ದೀಪಿಕಾ ಪೊಟ್ಟಣ ಬಿಚ್ಚಿ ನೋಡಿ ನಕ್ಕಳು. “ಅಮ್ಮಾ, ಇದು ಡ್ರಾಯರ್‌ಗೆ ಹಾಕೋದು! ಇದ್ರಲ್ಲಿ ಬಾಗ್ಲು ನಿಲ್ಲುತ್ತಾ?” ನಗು ಅರ್ಧಕ್ಕೇ ನಿಂತಿತು. ಅಮ್ಮ ಬಾಗಿಲಿಗಾಗಿ ತರಲು ಹೋಗಿದ್ದಳು ಎಂಬುದು ಆ ಮಾತಿನಲ್ಲೇ ಇಬ್ಬರಿಗೂ ಗೊತ್ತಾಗಿಹೋಗಿತ್ತು. ಇಬ್ಬರೂ ಆ ಚಿಕ್ಕ ಕೀಯನ್ನೇ ನೋಡಿದರು.

“ಬಾಗ್ಲಿಗೆ ಅಂತ ಹೇಳಕ್ಕೆ ನಿಂಗೆ ನಾಚ್ಕೆನಾ?”

“ಹಂಗಲ್ಲ ಕಣೇ. ಅವ್ನು ಒಳಗಡೆ ಯಾವ್ದು ಅಂದ. ನಂಗೆ ಹೇಳಕ್ ಬರ್ಲಿಲ್ಲ.”

“ನಾನಿರೋ ಕಡೆ ಒಳಗಡೆ” ಎಂದಳು ದೀಪಿಕಾ. “ಅಷ್ಟು ಹೇಳಕ್ಕೆ ಏನ್ ಕಷ್ಟ ಇತ್ತಮ್ಮ?”

ಅವಳು ಪುಸ್ತಕ ಹಿಡಿದು ಗೋಡೆಯ ಕಡೆ ತಿರುಗಿದಳು. ಯಾವಾಗಿಂದ ಎಂದು ಕೇಳಬೇಕಿತ್ತು. ಏನಾಯಿತು ಎಂದು ಕೇಳಬೇಕಿತ್ತು. ಕೇಳಿದರೆ ಉತ್ತರ ಬರುತ್ತದೆ, ಬಂದಮೇಲೆ ಅದನ್ನು ಎಲ್ಲಿಡುವುದು? ಉಮಾಮಹೇಶ್ವರಿ ಮಗಳ ತಲೆಯ ಮೇಲೆ ಕೈಯಿಡಲು ಹೋದಳು. ವಿಭೂತಿಗೆ ಚಾಚಿದ ಕೈ ಅದೇ. ಹಿಂದಕ್ಕೆ ಎಳೆದುಕೊಂಡಳು.

ಗಂಡ ಹುಲಿಯೂರುದುರ್ಗದ ಹೈಸ್ಕೂಲಿನಲ್ಲಿ ಮೇಷ್ಟ್ರು. ಅಲ್ಲೇ ರೂಮು ಮಾಡಿಕೊಂಡಿದ್ದು, ಶನಿವಾರ ಕುಣಿಗಲ್ಲಿಗೆ ಬಂದು ಬಸ್ಸು ಬದಲಿಸಿ ಸಂಜೆಗೆ ಮನೆ ಸೇರುತ್ತಿದ್ದ. ಅವಳು ಫೋನು ಮಾಡಿದಾಗ ಅವನು ಉತ್ತರಪತ್ರಿಕೆ ತಿದ್ದುತ್ತಿದ್ದ. ಕಾಗದ ಮಗುಚುವ ಸದ್ದು ಕೇಳುತ್ತಿತ್ತು. ನಡುಬಾಗಿಲಿಗೆ ಈ ಕಡೆಯಿಂದ ಒಂದು ಚಿಲಕ ಹಾಕಿಸೋಣ ಅಂತಿದೀನಿ ಎಂದಳು. ಸದ್ದು ನಿಂತಿತು.

“ಯಾಕೆ?”

ಹೇಳು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. “ಇಲಿ ಬರ್ತಾವೆ ರೀ ಆ ಕಡೆಯಿಂದ.”

“ಇಲಿ ಚಿಲ್ಕ ತೆಗ್ದು ಬರುತ್ತೇನೇ?” ಅವನು ನಕ್ಕ. ಆಮೇಲೆ ದನಿ ತಗ್ಗಿಸಿ, “ಅಣ್ಣ ಏನಂದ್ಕೊಳಲ್ಲ? ದೇವ್ರಮನೆ ಬಾಗ್ಲು ಕಣೇ ಅದು. ಹಾಕಿಸಿದ್ರೆ ಸಂಬಂಧ ಮುರ್ಕೊಂಡಂಗೆ. ಅವನು ನಮ್ಗೆ ಏನ್ ಮಾಡಿದಾನೆ ಅಂತ?”

ಏನು ಮಾಡಿದ್ದಾನೆ. ಆ ಪ್ರಶ್ನೆಗೂ ಅವಳು ಹನ್ನೊಂದು ವರ್ಷದಿಂದ ಉತ್ತರ ಹುಡುಕುತ್ತಿದ್ದಳು. “ದೀಪಿಕಾಗೆ ಹೆದ್ರಿಕೆ ಆಗುತ್ತಂತೆ” ಎಂದಳು.

“ಯಾರ್ನ ಕಂಡ್ರೆ ಹೆದ್ರಿಕೆ?”

ಅವಳು ಫೋನನ್ನು ಇನ್ನೊಂದು ಕೈಗೆ ಬದಲಿಸಿದಳು. ಆ ಕಡೆ ಕಾಗದದ ಸದ್ದು ಇನ್ನೂ ಬರಲಿಲ್ಲ. ಹೊತ್ತು ಹೋದ ಹಾಗೆ ಅವನಿಗೆ ಗೊತ್ತಾಗುತ್ತಿದೆ ಎಂದು ಒಮ್ಮೆ, ಗೊತ್ತಾಗದಿರಲು ಅವನು ಕಷ್ಟಪಡುತ್ತಿದ್ದಾನೆ ಎಂದು ಒಮ್ಮೆ ಅನ್ನಿಸಿತು. “ಶನಿವಾರ ಬರ್ತೀನಲ್ಲ, ಮಾತಾಡಣ” ಎಂದ ಕೊನೆಗೆ. ಕಾಗದ ಮತ್ತೆ ಮಗುಚತೊಡಗಿತು. ಶನಿವಾರ ಅವನು ಮಾತಾಡುವುದಿಲ್ಲ. ಅಣ್ಣನ ಕಡೆ ಹೋಗಿ ಕಾಫಿ ಕುಡಿದು ಬರುತ್ತಾನೆ. ಅವನು ಬರುವಷ್ಟರಲ್ಲಿ ಚಿಲಕ ಬಾಗಿಲಲ್ಲಿರಬೇಕು ಎಂದು ಅವಳಿಗೆ ಖಚಿತವಾದದ್ದು ಆಗ.

ಗುಬ್ಬಿಯಲ್ಲಿ ಕೊಂಡರೆ ಅವಳು ಮನೆ ಸೇರುವ ಮೊದಲು ಸುದ್ದಿ ಭಾವನನ್ನು ಸೇರುತ್ತಿತ್ತು. ಮಾರನೆಯ ದಿನ ಮತ್ತೆ ಮಂಡಿಪೇಟೆಗೆ ಹೋದಳು. ಅಂಗಡಿಯವನು ಗುರುತು ಹಿಡಿದು, “ಏನಮ್ಮ, ಕಬೋರ್ಡಿಗೆ ಕೂತ್ಕೊಳ್ಳಿಲ್ವಾ?” ಎಂದ. ಕಬೋರ್ಡಿಗಲ್ಲ ಎಂದಳು. “ಬಾಗ್ಲಿಗೆ. ಮನೇಲಿರೋರಿಗೆ. ನಾನಿರೋ ಕಡೆ ಒಳಗಡೆ.” ಒಂದೇ ಉಸಿರಿನಲ್ಲಿ ಹೇಳಿ ಮೇಜಿನ ಅಂಚು ಹಿಡಿದುಕೊಂಡಳು. ಅಂಗಡಿಯವನು ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿ ಅವಳನ್ನು ನೋಡಿದ. ನಗಲಿಲ್ಲ. ಉದ್ದನೆಯ ಚಿಲಕ ತೆಗೆದ. ಅದರ ಜೊತೆ ಬಂದಿದ್ದ ಚಿಕ್ಕ ಸ್ಕ್ರೂಗಳನ್ನು ಪಕ್ಕಕ್ಕೆ ಸರಿಸಿ, ಡಬ್ಬದಿಂದ ಉದ್ದನೆಯವನ್ನು ಆರಿಸಿ ಕಾಗದದಲ್ಲಿ ಕಟ್ಟಿದ. “ಇದನ್ನೇ ಹಾಕ್ಸಿ. ಸಣ್ಣವು ತಳ್ಳಿದ್ರೆ ಕಿತ್ಕೊಂಡು ಬರ್ತವೆ” ಎಂದ, ಬೇರೆ ಕಡೆ ನೋಡುತ್ತ. ತನ್ನ ಮುಖದ ಮೇಲೆ ಎಲ್ಲವೂ ಬರೆದಿದೆ ಎಂದು ಅವಳಿಗೆ ಅವಮಾನವಾಯಿತು. ಬಸ್ಸಿನಲ್ಲಿ ಕೂತಮೇಲೆ, ಈ ಹನ್ನೊಂದು ವರ್ಷದಲ್ಲಿ ತನಗೆ ಯಾರಾದರೂ ಏನಾದರೂ ಸಹಾಯ ಮಾಡಿದ್ದರೆ ಅದು ಈ ನಾಲ್ಕು ಸ್ಕ್ರೂ ಎಂದು ಹೊಳೆದು, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಶನಿವಾರ ಬೆಳಿಗ್ಗೆ ಭಾವ ಕೊಬ್ಬರಿಯ ಕೆಲಸದ ಮೇಲೆ ತಿಪಟೂರಿಗೆ ಹೋದರು. ಅವರ ಚಪ್ಪಲಿಯ ಸದ್ದು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಅವಳು ಕಿಟಕಿಯ ಹಿಂದೆ ನಿಂತಿದ್ದಳು. ಗುಂಡಯ್ಯ ಆಚಾರಿ ಹತ್ತು ಗಂಟೆಗೆ ಬಂದ. ಈಗ ಮುದುಕ, ಕೈಯಲ್ಲಿ ಮಗನ ಕರೆಂಟು ಡ್ರಿಲ್ಲು. ನಡುಬಾಗಿಲನ್ನು ಕಂಡು ಅವನು ಚೀಲವನ್ನು ಕೆಳಗಿಡಲಿಲ್ಲ.

“ಚನ್ನವೀರಯ್ನೋರ್ಗೆ ಹೇಳಿದೀರೇನವ್ವ?”

“ಹೇಳ್ತಾರೆ, ನಮ್ಮನೆಯವ್ರು ಸಾಯಂಕಾಲ.”

“ಅಲ್ಲ ಕಣವ್ವ, ಇದು ದೇವ್ರ ಕಡೆಯಿಂದ ಬರೋ ಬಾಗ್ಲು. ಆ ಕಡೆ ಚಿಲ್ಕ ನಾನೇ ಹಾಕಿದ್ದು. ಈ ಕಡೆನೂ ಹಾಕ್ಬುಟ್ರೆ ದೇವ್ರನ್ನೇ ಆಚೆಗೆ ನಿಲ್ಸ್‌ದಂಗಾಗಲ್ವಾ?”

ಹಾಸಿಗೆಯ ಮೇಲೆ ಕೂತಿದ್ದ ದೀಪಿಕಾ ಪುಸ್ತಕದಿಂದ ತಲೆ ಎತ್ತಿದಳು. ಮಗಳು ತನ್ನನ್ನೇ ನೋಡುತ್ತಿದ್ದಾಳೆ ಎಂದು ತಿರುಗದೆಯೇ ಉಮಾಮಹೇಶ್ವರಿಗೆ ಗೊತ್ತಾಯಿತು. “ದೇವ್ರು ಬಾಗ್ಲು ಬಡೀಲಿ ಗುಂಡಯ್ಯ. ತೆಗೀತೀನಿ” ಎಂದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ. ಗುಂಡಯ್ಯ, “ನಂಗ್ಯಾಕ್ ಬುಡವ್ವ” ಎಂದು ಗೊಣಗಿ ಚೀಲ ಇಳಿಸಿದ.

ಡ್ರಿಲ್ಲಿನ ಸದ್ದು ಅವಳು ಎಣಿಸಿದ್ದಕ್ಕಿಂತ ದೊಡ್ಡದಿತ್ತು. ಬಾಗಿಲು ನಡುಗಿತು, ಆ ಕಡೆಯ ಹಳೆಯ ಚಿಲಕ ಗಿಲಕಿಯ ಹಾಗೆ ಅಲುಗಾಡಿತು. ಊರಿಗೆಲ್ಲ ಕೇಳುತ್ತಿದೆ. ತಿಪಟೂರಿಗೂ ಕೇಳುತ್ತಿರಬಹುದು. ಮರದ ಹೊಟ್ಟು ನೆಲದ ಗೀರುಗಳ ಮೇಲೆ ಉದುರಿತು. ಅಗುಳಿ ಚೌಕಟ್ಟಿನೊಳಗೆ ಹೋಗುವ ತೂತು ಕೊರೆದು, ಬಾಗಿಲಿನ ನಡುವಿಗೆ ಚಿಲಕ ಕೂರಿಸಿ ಗುಂಡಯ್ಯ ನಾಲ್ಕನೆಯ ಸ್ಕ್ರೂ ತಿರುಗಿಸುತ್ತಿರುವಾಗ, ಆ ಕಡೆಯ ಚಿಲಕ ಸರಿಯಿತು. ಬಾಗಿಲು ಮೆಲ್ಲಗೆ ಈ ಕಡೆಗೆ ತೆರೆದುಕೊಂಡಿತು. ದೀಪಿಕಾ ಹಾಸಿಗೆಯಿಂದ ಇಳಿದು ಗೋಡೆಗೆ ಒರಗಿದಳು.

ಅರುಣಕ್ಕ. ಕೈಯಿಂದ ನೆನೆದ ಅಕ್ಕಿಯ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲಿನ ಜೊತೆ ತಿರುಗಿ ನಿಂತ ಹೊಸ ಚಿಲಕವನ್ನು ನೋಡಿದಳು. ಅದು ಹೊಳೆಯುತ್ತಿತ್ತು, ಕಣ್ಣಿಗೆ ರಾಚುವಷ್ಟು. ಉಮಾಮಹೇಶ್ವರಿ ಮೂರು ದಿನದಿಂದ ಸಿದ್ಧ ಮಾಡಿಟ್ಟುಕೊಂಡಿದ್ದ ಮಾತು ಬೇರೆ ಇತ್ತು. “ಇಲಿ ಅಕ್ಕ, ಬರ್ತಾವೆ ಅಂತ” ಎಂದು ತೊದಲಿದಳು. ಅರುಣಕ್ಕ ನೆಲದ ಮೇಲಿನ ಅರ್ಧ ಚಂದ್ರಗಳನ್ನು ನೋಡಿದಳು. ರಾಗಿ ಡಬ್ಬವನ್ನು ನೋಡಿದಳು. ಗೋಡೆಗೆ ಒರಗಿದ್ದ ದೀಪಿಕಾಳನ್ನು ನೋಡಿ ಕಣ್ಣು ತಗ್ಗಿಸಿದಳು. ಈಗ ಕೂಗುತ್ತಾಳೆ, ನನ್ನ ಗಂಡನಿಗೆ ಕೆಟ್ಟ ಹೆಸರು ತರ್ತೀಯೇನೇ ಎನ್ನುತ್ತಾಳೆ, ಬೀದಿ ಸೇರುತ್ತದೆ. ಉಮಾಮಹೇಶ್ವರಿ ಕಾಯುತ್ತ ನಿಂತಳು.

“ಗುಂಡಯ್ಯ, ಹೊರಗೆ ಕೊಳಾಯಿ ಹತ್ರ ಹೋಗಿ ಕೈ ತೊಳ್ಕೊಂಡ್ ಬಾ, ಕಾಫಿ ಕೊಡ್ತಾರೆ” ಎಂದಳು ಅರುಣಕ್ಕ. ಅವನು ಹೋದಮೇಲೆ ಒದ್ದೆ ಹೆಬ್ಬೆರಳಿನಿಂದ ಸ್ಕ್ರೂಗಳನ್ನು ಒಂದೊಂದಾಗಿ ಒತ್ತಿ ನೋಡಿದಳು, ಹಲಸಿನ ಹಣ್ಣು ಮಾಗಿದೆಯೇ ಎಂದು ನೋಡುವ ಹಾಗೆ.

“ಒಂದೇನಾ ತಂದಿರೋದು?”

“ಹೂಂ ಅಕ್ಕ.”

“ಮೇಲ್ಗಡೆ ಇನ್ನೊಂದು ಹಾಕ್ಸು.” ಅವಳು ಕೈಯೆತ್ತಿ ಬಾಗಿಲಿನ ಮೇಲೆ ಒಂದು ಜಾಗ ಮುಟ್ಟಿದಳು. ಹುಡುಕದೆ, ಅಳೆಯದೆ, ನೇರ ಅಲ್ಲಿಗೇ ಹೋಯಿತು ಬೆರಳು. ಅಕ್ಕಿ ನೀರಿನ ಗುರುತು ಉಳಿಯಿತು. “ಒಂದು ಸಾಕಾಗಲ್ಲ ಉಮಾ. ಪಲ್ಲವಿ ರೂಮಿಗೆ ನಾನು ಒಂದೇ ಹಾಕ್ಸಿದ್ದೆ.”

ಗಂಜಿಯ ಹಬೆ ಮುಖಕ್ಕೆ ಹೊಡೆದ ಹಾಗಾಯಿತು. ಗೇಟಿನ ಸರಳನ್ನು ಉಗುರು ಕೆರೆಯುವ ಸದ್ದು. ಹಬ್ಬಕ್ಕೆ ಬಾರೇ. ಉಮಾಮಹೇಶ್ವರಿ ಏನಾದರೂ ಹೇಳುವ ಮೊದಲೇ ಅರುಣಕ್ಕ ಹೊಸಿಲಿನ ಆ ಕಡೆಗೆ ಹೋಗಿ ಬಾಗಿಲು ಎಳೆದುಕೊಂಡಿದ್ದಳು.

“ಹಾಕ್ಕೊ” ಎಂದಿತು ಆ ಕಡೆಯಿಂದ ದನಿ. “ನೋಡಾಣ.”

ಉಮಾಮಹೇಶ್ವರಿಯ ಕೈ ಏಳಲಿಲ್ಲ. ದೀಪಿಕಾ ಬಂದು ಚಿಲಕ ಸರಿಸಿದಳು. ಅದು ಹೊಸದರ ಬಿಗಿತದಲ್ಲಿ ಕಿರುಗುಟ್ಟಿ ಕೂತಿತು. ಆ ಕಡೆಯಿಂದ ಅರುಣಕ್ಕ ತಳ್ಳಿದಳು. ಬಾಗಿಲು ಅಲುಗಲಿಲ್ಲ. ಎರಡನೆಯ ಸಲ ಭುಜ ಕೊಟ್ಟು ತಳ್ಳಿದಳು, ಬಳೆಗಳು ಮರಕ್ಕೆ ಬಡಿದವು. ಮೂರನೆಯ ಸಲ ತಳ್ಳಿದವಳು ಹೆಂಗಸಿನ ಹಾಗೆ ತಳ್ಳಲಿಲ್ಲ. ನೋಡಿ ಕಲಿತವಳ ಹಾಗೆ, ಎರಡು ಹೆಜ್ಜೆ ಹಿಂದೆ ಸರಿದು, ಬರಿಗಾಲಿನಲ್ಲಿ ಓಡಿ ಬಂದು ಅಪ್ಪಳಿಸಿದಳು. ಚಿಲಕ ನಿಂತಿತು. ಆದರೆ ಮೇಲೆ, ಅಕ್ಕಿ ನೀರಿನ ಗುರುತು ಇದ್ದಲ್ಲಿ, ಬಾಗಿಲು ಚೌಕಟ್ಟಿನಿಂದ ಒಂದು ಬೆರಳು ಬಿಟ್ಟುಕೊಂಡಿತು. ಆ ಸಂದಿನಲ್ಲಿ ದೇವರಮನೆಯ ದೀಪದ ಬೆಳಕು ಒಳಗೆ ಬಂದು, ದೀಪಿಕಾಳ ಹಣೆಯ ಮೇಲೆ ಬಿತ್ತು.